ಇಸಾಂಪುರದ ಕಲ್ಲು, ಬೂದಿಹಾಳದ ಬೂದಿ

ಸುರಪುರ ದಾಟಿ ಹುಣಸಗಿ ಕಡೆ ಹೊರಟರೆ ದಾರಿಯುದ್ದಕ್ಕೂ ಭತ್ತದ ಗದ್ದೆ. ಎಲ್ಲ ನಾರಾಯಣಪುರ ಎಡದಂಡೆ ಕಾಲುವೆಯ ಕೃಪೆ. ಯಾದಗಿರಿ ಅಂದರೆ ಬರೀ ಬಿಸಿಲು ಅಂದುಕೊಂಡು ಬಂದವರಿಗೆ ಆಶ್ಚರ್ಯವೇ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಬಂಗಲೆ ಟೇಲರ್ ಮಂಜಿಲ್ ನೋಡಿದ್ದಾಗಿತ್ತು. ಮನಸ್ಸೆಲ್ಲ ಇಸಾಂಪುರದ ಮೇಲೆ.

"ಅಲ್ಲಿ ಏನದರಿ ನೋಡ್ಲಿಕ್ಕ? ಬರೇ ಕಲ್ಲವ," ಅಂದ ಆಟೋದವನು.

ಬರೀ ಕಲ್ಲೇ, ನಿಜ. ಆದರೆ ಇದು ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ. ಇಲ್ಲಿ ಸುಣ್ಣಕಲ್ಲಿನ ಹಾಸು ತಾನಾಗಿಯೇ ಬಿರಿದು ಹಲಗೆಗಳಂತೆ ಏಳುತ್ತದೆ. ಬೇಕಾದ ದಪ್ಪದ್ದನ್ನು ಆರಿಸಿ, ಗುಂಡುಕಲ್ಲಿನಿಂದ ಕುಟ್ಟಿ ಚಕ್ಕೆ ಎಬ್ಬಿಸಿ, ಹಿಡಿ ಇಲ್ಲದ, ಅಂಗೈಯಲ್ಲೇ ಹಿಡಿಯುವ ಕೈಕೊಡಲಿ ಮಾಡುತ್ತಿದ್ದರು. ಇಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ ಹಾಕಿದ ಲೆಕ್ಕ ಸುಮಾರು 12 ಲಕ್ಷ ವರ್ಷ. ನಮ್ಮಂಥ ಮನುಷ್ಯ, ಅಂದರೆ ಹೋಮೋ ಸೇಪಿಯನ್ಸ್, ಆಗಿನ್ನೂ ಹುಟ್ಟಿರಲೇ ಇಲ್ಲ!

ಇದನ್ನು ಅಗೆದು ತೋರಿಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. 1960ರ ದಶಕದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಈ ಸೀಮೆಗೆ ಬಂದವರು ದಶಕಗಟ್ಟಲೆ ಹುಣಸಗಿ, ಬೈಚಬಾಳ ಕಣಿವೆಗಳಲ್ಲೇ ಅಲೆದರು. 2012ರಲ್ಲಿ ಪದ್ಮಶ್ರೀ ಬಂತು. ನನಗೆ ಅವರು ಇಷ್ಟವಾಗುವುದು ಬೇರೆ ಕಾರಣಕ್ಕೆ. ಕೊಡಲಿ ಎಣಿಸಿ, ಚಿತ್ರ ಬರೆದು ಸುಮ್ಮನಾಗಬಹುದಿತ್ತು. ಅವರು ಕೇಳಿದ್ದು: ಈ ಜನ ಬೇಸಿಗೆಯಲ್ಲಿ ನೀರಿಗೆ ಎಲ್ಲಿ ಹೋಗುತ್ತಿದ್ದರು? ಏನು ತಿನ್ನುತ್ತಿದ್ದರು? ಉತ್ತರಕ್ಕಾಗಿ ಈಗಿನ ಕಾಡುಹಣ್ಣು, ಗೆಡ್ಡೆ, ಪ್ರಾಣಿಗಳನ್ನೂ ಪಟ್ಟಿ ಮಾಡಿದರು. ಬೇಸಿಗೆಯಲ್ಲಿ ಬತ್ತದ ಒರತೆಗಳ ಸುತ್ತ ಸೇರುತ್ತಿದ್ದರು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದರು ಎಂಬುದು ಅವರ ವಾದ. ಬಿಸಿಲಲ್ಲಿ ಆ ಹಾಸಿನ ಮೇಲೆ ಅರ್ಧ ಗಂಟೆ ನಿಂತರೆ ಸಾಕು, ವಾದ ಒಪ್ಪಿಗೆಯಾಗುತ್ತದೆ. ನನ್ನ ಬಾಟಲಿ ಅಷ್ಟರಲ್ಲೇ ಖಾಲಿ.

ಸುರಪುರ ಸೀಮೆಯ ಬೂದಿಹಾಳಕ್ಕೂ ಹೋದೆ. ಇಲ್ಲಿ ಲಕ್ಷದ ಮಾತಿಲ್ಲ, ಸುಮಾರು 4,000 ವರ್ಷದ ಹಿಂದಿನ ದನಗಾಹಿಗಳು ಬಿಟ್ಟುಹೋದ ಬೂದಿ ದಿಬ್ಬದ ಕಥೆ. ಇಂಥ ಬೂದಿ ದಿಬ್ಬಗಳನ್ನು ರಾಕ್ಷಸರ ಬೂದಿ ಅನ್ನುವವರಿದ್ದರು, ಜ್ವಾಲಾಮುಖಿ ಅಂದವರೂ ಇದ್ದರು. ಕೊನೆಗೆ ಗೊತ್ತಾದದ್ದು, ಅದು ಸುಟ್ಟ ಸೆಗಣಿ. ಪದ್ದಯ್ಯನವರು ದಿಬ್ಬದ ಜೊತೆ ಅದರ ಸುತ್ತಲಿನ ನೆಲವನ್ನೂ ಅಗೆದರು. ಮನೆಗಳ ಗುರುತು ಸಿಕ್ಕಿತು. ದನ ಕೊಯ್ಯುತ್ತಿದ್ದ ಜಾಗವೂ ಸಿಕ್ಕಿತು, ಮೂಳೆ, ಕಲ್ಲಿನ ಹತ್ಯಾರಗಳ ಸಮೇತ. ಬರೀ ದಿಬ್ಬ ಅಗೆದಿದ್ದರೆ ಇದು ದನದ ಹಟ್ಟಿ ಅಂತಷ್ಟೇ ತಿಳಿಯುತ್ತಿತ್ತು. ಊರು ಇತ್ತು ಅಂತ ಗೊತ್ತಾದದ್ದು ಪಕ್ಕದ ನೆಲದಿಂದಲೇ ಅಲ್ವಾ?