ಅಮ್ಮ ಹಕ್ಕು ಬಿಟ್ಕೊಟ್ಟ ದಿನ

ತಾತ ಹೋಗಿ ವರ್ಷಗಳಾಗಿದ್ರೂ ತೋಟದ ಪಹಣಿ ಇನ್ನೂ ಅವ್ರ ಹೆಸರಲ್ಲೇ ಇತ್ತು. ಬ್ಯಾಂಕಲ್ಲಿ ಸಾಲ ಕೇಳೋಕ್ ಹೋದ್ರೆ ಸತ್ತೋರ ಹೆಸರಿನ ಜಮೀನಿಗೆ ಕೊಡಲ್ಲ ಅಂದ್ರಂತೆ, ಅದಕ್ಕೆ ದೊಡ್ಮಾವ ಅಮ್ಮಂಗೆ ಫೋನ್ ಮಾಡಿ "ಒಂದಿನ ಬಂದು ಸೈನ್ ಹಾಕ್ಬುಟ್ಟು ಹೋಗವ್ವ, ತಂಗೀಗೂ ಹೇಳಿದೀನಿ" ಅಂದ್ರು. ಎಂಥ ಸೈನು, ಯಾವ ಪೇಪರ್ರು ಅಂತ ಅಮ್ಮ ಕೇಳ್ಲೇ ಇಲ್ಲ. "ಯಾವತ್ ಬರ್ಲಿ ಅಣ್ಣಯ್ಯ, ಬರ್ತಾ ಚಕ್ಲಿ ಮಾಡ್ಕೊಂಡ್ ಬರ್ಲಾ" ಅಂತ ಕೇಳಿದ್ಲು.

ತಿಪಟೂರು ಕಡೆ ತೆಂಗಿನ ತೋಟ ಅದು, ಕಾಯಿನ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡೋ ಊರು. ಅಮ್ಮ ಚಿಕ್ಕೋಳಿದ್ದಾಗ ಆ ತೋಟದಲ್ಲಿ ಕಾಯಿ ಆಯ್ದಿದಾಳೆ, ಹೊತ್ತಿದಾಳೆ, ಸಗಣಿ ಗೊಬ್ಬರ ಹಾಕಿದಾಳೆ, ಮಾವಂದಿರು ಸ್ಕೂಲಿಗೆ ಹೋಗ್ತಿದ್ರು. ಅಮ್ಮಂದು ಏಳನೇ ಕ್ಲಾಸಿಗೆ ನಿಂತೋಯ್ತು, ಹೈಸ್ಕೂಲು ಪಕ್ಕದೂರಲ್ಲಿತ್ತು ಅನ್ನೋ ಕಾರಣಕ್ಕೆ. ಅದೇ ಪಕ್ಕದೂರಿಗೆ ಮಾವಂದಿರು ಸೈಕಲ್ ಹೊಡ್ಕೊಂಡು ಹೋಗ್ತಿದ್ರು.

ಬಸ್ಸಲ್ಲಿ ನಾನು ಸುಮ್ನಿರ್ದೆ ಕಾನೂನು ಹೇಳ್ದೆ. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತೀಲಿ ಹೆಣ್ಮಕ್ಳಿಗೂ ಗಂಡ್ಮಕ್ಳಷ್ಟೇ ಪಾಲು ಅಂತ ತಿದ್ದುಪಡಿ ಆಗಿತ್ತಮ್ಮ, ಆದ್ರೆ ಅಷ್ಟೊತ್ತಿಗೆ ಮದ್ವೆ ಆಗಿದ್ದೋರಿಗೆ ಇಲ್ಲ ಅಂದಿದ್ರು, ನಿಂದು 1988ರ ಮದ್ವೆ, ಅದಕ್ಕೆ ಆಗ ನಿಂಗಿರ್ಲಿಲ್ಲ, ಚಿಕ್ಕಮ್ಮಂದು 1996, ಅವ್ಳಿಗಿತ್ತು. ಆಮೇಲೆ 2005ರಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಬಂತು, ಮದ್ವೆ ಆಗಿದ್ರೂ ಸರಿ ಆಗ್ದಿದ್ರೂ ಸರಿ ಪಾಲಿದೆ, 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದ್ಲೇ ಬರೋ ಹಕ್ಕು ಅಂತ ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ತು. ಅಮ್ಮ ಎಲ್ಲ ಕೇಳಿಸ್ಕೊಂಡು "ಚಿಕ್ಕಿಗೆ ಆವಾಗ್ಲೇ ಇತ್ತಾ, ಪಾಪ ಅವ್ಳಿಗ್ ಗೊತ್ತೇ ಇಲ್ಲ ನೋಡು" ಅಂದ್ಲು. ತನ್ನ ವಿಷಯ ಎತ್ಲೇ ಇಲ್ಲ.

ತಾಲ್ಲೂಕು ಆಫೀಸಿನ ಎದುರು ಪತ್ರ ಬರೆಯೋರ ಅಂಗಡಿ. ಅವ್ರ ಕಂಪ್ಯೂಟ್ರಲ್ಲಿ ಹಕ್ಕು ಬಿಡುಗಡೆ ಪತ್ರದ ನಮೂನೆ ರೆಡಿ ಇರತ್ತೆ, ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಬದ್ಲಾಯಿಸಿದ್ರೆ ಆಯ್ತು. ವಂಶವೃಕ್ಷ, ಆಧಾರ್ ಎಲ್ಲ ಮಾವ ಮುಂಚೇನೇ ಕೊಟ್ಟಿದ್ರು. "ಯಾರ ಒತ್ತಾಯ ಬಲವಂತವೂ ಇಲ್ಲದೆ ಸ್ವಸಂತೋಷದಿಂದ" ಅನ್ನೋ ಸಾಲೂ ಆಗ್ಲೇ ಟೈಪಾಗಿತ್ತು, ಅಮ್ಮ ಇನ್ನೂ ಬಸ್ಸಿಂದ ಇಳ್ದಿರ್ಲಿಲ್ಲ ಅಷ್ಟೊತ್ತಿಗೆ. ಪತ್ರ ಬರೆಯೋರು ಕನ್ನಡಕದ ಮೇಲಿಂದ ನೋಡಿ "ಅರಿಶಿನ ಕುಂಕುಮದ ಬಾಬ್ತು ಎಷ್ಟು ಅಂತ ಹಾಕ್ಲಿ?" ಅಂದ್ರು, ಅಂದ್ರೆ ಪಾಲು ಬಿಟ್ಕೊಟ್ಟಿದ್ದಕ್ಕೆ ಹೆಣ್ಮಕ್ಳಿಗೆ ಕೊಡೋ ದುಡ್ಡು. ಎಲ್ಲಾ ಸುಮ್ನೆ. ದೊಡ್ಮಾವ ಚಿಕ್ಮಾವನ ಮುಖ ನೋಡಿದ್ರು, ಚಿಕ್ಮಾವ ಫೋನ್ ನೋಡಿದ್ರು. ಅಮ್ಮ "ಅಯ್ಯೋ ಅದೆಲ್ಲ ಯಾಕೆ, ಏನೂ ಬೇಡ" ಅಂದ್ಲು. "ಏನಾದ್ರೂ ಒಂದ್ ಬರೀಬೇಕಮ್ಮ." ಚಿಕ್ಕಮ್ಮ ನಗ್ತಾ "ಹಂಗಾದ್ರೆ ಒಂದೊಂದ್ ರೇಷ್ಮೆ ಸೀರೆ ಅಂತ ಬರೀರಿ, ಅದಾದ್ರೂ ಬರ್ಲಿ" ಅಂದ್ಲು, ಎಲ್ರೂ ನಕ್ಕಿದ್ರು, ನಂಗೆ ಮಾತ್ರ ಅವ್ಳು ತಮಾಷೆಗೇ ಅಂದಿದ್ದಾ ಅಂತ ಅನುಮಾನ.

ಅವತ್ತು ಸರ್ವರ್ ಡೌನ್. ಮಧ್ಯಾಹ್ನದ ತನಕ ವರಾಂಡದಲ್ಲಿ ಕೂತ್ವಿ. ಸುತ್ತ ಇದ್ದ ಹೆಂಗಸ್ರನ್ನ ಮಾತಾಡಿಸಿದ್ರೆ ಎಷ್ಟೋ ಜನ ಇದೇ ಕೆಲಸಕ್ಕೆ ಬಂದಿದ್ರು, ಮೈಮೇಲೆ ಒಳ್ಳೇ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್ರು, ಪಕ್ಕದಲ್ಲಿ ಅಣ್ಣನೋ ತಮ್ಮನೋ. ಅಲ್ಲೊಂದು ಚೂರು ವಿಷಯ ಗಮನಿಸ್ದೆ. ಚಿಕ್ಮಾವ ಕಾಫಿ ಕುಡ್ದು ವಾಪಸ್ ಬಂದ ತಕ್ಷಣ ಅಮ್ಮ ಕುರ್ಚಿಯಿಂದ ಎದ್ಲು. ಚಿಕ್ಮಾವ ಅಮ್ಮಂಗಿಂತ ಚಿಕ್ಕೋರು! ಅಮ್ಮಂಗೆ ಮಂಡಿ ನೋವು ಬೇರೆ. ಅವ್ರೇನೂ ಏಳು ಅನ್ಲಿಲ್ಲ, ಇವ್ಳೂ ಯೋಚ್ನೆ ಮಾಡಿ ಎದ್ದಿದ್ದಲ್ಲ, ಮಾತಾಡ್ತಾ ಮಾತಾಡ್ತಾನೇ ಎದ್ಲು, ಅವ್ರೂ ಮಾತಾಡ್ತಾ ಮಾತಾಡ್ತಾನೇ ಕೂತ್ರು. ತಮಾಷೆ ಅಂದ್ರೆ ಅಮ್ಮ ಎದ್ದಿದ್ದು ನೋಡಿ ನಾನೂ ಎದ್ದು ನಿಂತಿದ್ದೆ.

ಪಿಯುಸೀಲಿ ಸಮಾಜಶಾಸ್ತ್ರ ಓದುವಾಗ ಸಾಮಾಜೀಕರಣ ಅಂತ ಒಂದು ಪಾಠ ಇತ್ತು, ಕುಟುಂಬ, ಒಡನಾಡಿಗಳು, ಶಾಲೆ, ಸಮೂಹ ಮಾಧ್ಯಮ ಅಂತ ಪಟ್ಟಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ವಿ. ಆ ಪಟ್ಟೀಲಿ ಈ ಥರ ಕುರ್ಚಿ ಎಲ್ಲೂ ಇರ್ಲಿಲ್ಲ. ಅಜ್ಜಿ ಮನೇಲಿ ಗಂಡಸ್ರು ಉಂಡ್ಮೇಲೆ ಹೆಂಗಸ್ರು ಉಣ್ಬೇಕು ಅಂತ ಯಾರೂ ರೂಲ್ಸ್ ಹೇಳಿರ್ಲಿಲ್ಲ, ಮುದ್ದೆ ಮೊದ್ಲು ಅವ್ರ ತಟ್ಟೆಗೆ ಬೀಳ್ತಿತ್ತು ಅಷ್ಟೆ, ಹಾಲಿನ ಕೆನೆ ಮಾವಂದಿರ ಲೋಟಕ್ಕೆ ಹೋಗ್ತಿತ್ತು ಅಷ್ಟೆ. ಅಜ್ಜಿ ಅಮ್ಮನ್ನ ತುಂಬಾ ಪ್ರೀತಿ ಮಾಡ್ತಿದ್ರು, ಜಡೆ ಹಾಕ್ತಾ ಹಾಕ್ತಾನೇ "ನೀನ್ ಬೇರೆ ಮನೆ ಬೆಳಗೋಳು ಕಣವ್ವ" ಅಂತಿದ್ರಂತೆ. ಬೈದು ಹೇಳಿದ್ರೆ ಎದುರು ಮಾತಾಡ್ಬೋದು, ಜಡೆ ಹಾಕ್ತಾ ಹೇಳಿದ್ರೆ ಏನ್ ಮಾಡ್ತೀರಾ.

ಮನೇಲಿ ಕಲಿಸಿದ್ದು ಸಾಲ್ದು ಅಂತ ಊರೂ ಕಲಿಸತ್ತೆ. ನಮ್ಮಜ್ಜಿ ಊರಲ್ಲಿ ಒಬ್ರು ಹೆಂಗಸು ಅಣ್ಣನ ಮೇಲೆ ಭಾಗಕ್ಕೆ ದಾವೆ ಹಾಕಿದ್ರು. ಕೇಸು ಗೆದ್ರು ಕೂಡ. ಆದ್ರೆ ಊರಲ್ಲಿ ಆ ಕಥೆ ಹೇಳೋವಾಗ ಗೆದ್ದಿದ್ದು ಯಾರೂ ಹೇಳಲ್ಲ, ಗೌರಿ ಹಬ್ಬಕ್ಕೆ ತವರಿಂದ ಬಾಗಿನ ನಿಂತೋಯ್ತು, ಮಗಳ ಮದ್ವೇಲಿ ಸೋದರಮಾವ ಬಂದು ನಿಲ್ಲಲಿಲ್ಲ, ಅದನ್ನೇ ಹೇಳೋದು. ಅಮ್ಮನೂ ನಂಗೆ ಚಿಕ್ಕೋಳಿದ್ದಾಗ ಹಂಗೇ ಹೇಳಿದ್ಲು, ಕೇಸು ಗೆದ್ದ ವಿಷಯ ನಂಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಗಂಡನ ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ವಾಪಸ್ ಹೋಗೋಕೆ ಇರೋದು ತವರು ಒಂದೇ ಅಂತ ನಂಬಿರೋ ಹೆಂಗಸು ಆ ಬಾಗಿಲಿಗೆ ಕೋರ್ಟ್ ನೋಟಿಸ್ ಯಾಕೆ ಕಳಿಸ್ತಾಳೆ ಹೇಳಿ. ನಮ್ಮ ಹೆಣ್ಮಕ್ಳಿಗೆ ತಿಳುವಳಿಕೆ ಇಲ್ಲ ಅಂತ ಭಾಷಣ ಮಾಡೋರು ಈ ಲೆಕ್ಕ ಹಾಕಲ್ಲ. ಅಮ್ಮಂಗೆ ತಿಳುವಳಿಕೆ ಬೇಕಾದಷ್ಟಿದೆ, ತೋಟದ ರೇಟು ನಂಗಿಂತ ಚೆನ್ನಾಗಿ ಗೊತ್ತು.

ಮಾವಂದಿರನ್ನ ಕೆಟ್ಟೋರು ಅಂತ ಬರೆದ್ರೆ ಸುಳ್ಳಾಗತ್ತೆ. ಅಪ್ಪನಿಗೆ ಆಪರೇಷನ್ ಆದಾಗ ಆಸ್ಪತ್ರೇಲಿ ರಾತ್ರಿಯೆಲ್ಲ ಕೂತಿದ್ದೋರು ದೊಡ್ಮಾವ. ನನ್ನ ಮದ್ವೆ ಖರ್ಚಿಗೆ ಕೇಳ್ದೇನೇ ದುಡ್ಡು ಕೊಟ್ರು. ಅವ್ರಿಗೂ ಅದೇ ಮನೇಲಿ ಪಾಠ ಆಗಿದ್ದು, ಅಕ್ಕತಂಗೀರಿಗೆ ಕೊಡ್ತಾನೇ ಇರ್ಬೇಕು, ಸೀರೆ ಕೊಡ್ಬೇಕು, ಬಾಣಂತನ ಮಾಡ್ಬೇಕು, ಕಷ್ಟಕ್ಕೆ ನಿಲ್ಬೇಕು ಅಂತ. ಕೊಡೋ ಕೈ ಯಾವಾಗ್ಲೂ ತಮ್ಮದೇ ಆಗಿರ್ಬೇಕು ಅನ್ನೋದೂ ಆ ಪಾಠದ ಒಳಗೇ ಇದೆ. ಪಾಲು ಕೇಳಿದ್ರೆ ಅವ್ರಿಗೆ ದುಡ್ಡಿಗಿಂತ ಜಾಸ್ತಿ ನೋವಾಗೋದು ಇಲ್ಲಿ ಅನ್ಸತ್ತೆ.

ಸರ್ವರ್ ಬಂದ್ಮೇಲೆ ಎಲ್ಲ ಬೇಗ ಆಯ್ತು. ಸಬ್ ರಿಜಿಸ್ಟ್ರಾರ್ "ಒಪ್ಪಿಗೆ ಇದೆಯಾ ಅಮ್ಮ, ಯಾರ್ದೂ ಬಲವಂತ ಇಲ್ವಲ್ಲ?" ಅಂತ ಕೇಳಿದ್ರು. "ಇಲ್ಲ ಸಾರ್, ನಮ್ಮಣ್ಣತಮ್ಮಂದ್ರೇ ಅಲ್ವಾ" ಅಂದ್ಲು ಅಮ್ಮ. ಕ್ಯಾಮೆರಾಗೆ ನೋಡಿ ಅಂದಾಗ ಸೆರಗು ಸರಿ ಮಾಡ್ಕೊಂಡು, ತಾಳಿ ಕಾಣೋ ಹಂಗೆ ಹೊರಗೆ ಎಳ್ಕೊಂಡು ಕೂತ್ಲು. ಹೆಬ್ಬೆಟ್ಟು ಮಾತ್ರ ಮಷೀನಿಗೆ ಬೀಳ್ಲೇ ಇಲ್ಲ, ಪಾತ್ರೆ ತಿಕ್ಕಿ ತಿಕ್ಕಿ ಗೆರೆಯೆಲ್ಲ ಸವ್ದೋಗಿತ್ತು, ಆಪರೇಟರ್ ಹುಡುಗ ಒರೆಸಿ ಒತ್ತಿ ಅಂತ ಹೇಳ್ತಾನೇ ಇದ್ದ. ದೊಡ್ಮಾವ ತಮ್ಮ ಕರ್ಚೀಫ್ ತೆಗ್ದು, ಅಮ್ಮನ ಕೈ ಹಿಡ್ಕೊಂಡು, ಚಿಕ್ಕ ಮಗೂಗೆ ಒರೆಸೋ ಥರ ಬೆರಳು ಒರೆಸಿ ಅವ್ರೇ ಮಷೀನಿನ ಮೇಲೆ ಒತ್ತಿದ್ರು. ಆಗ ಬಿತ್ತು. ಅದನ್ನ ನೋಡಿ ನಂಗೆ ಸಿಟ್ಟು ಬರ್ಬೇಕೋ ಅಳು ಬರ್ಬೇಕೋ ಗೊತ್ತಾಗ್ಲಿಲ್ಲ, ಎರಡೂ ಬಂತು.

ವಾಪಸ್ ಬರ್ತಾ ಬಸ್ಸಲ್ಲಿ ಕೇಳೇಬಿಟ್ಟೆ, "ಅಮ್ಮ, ನಮ್ಮನೇದು? ನಾಳೆ ನಂಗೂ ಹಿಂಗೇ ಸೈನ್ ಹಾಕು ಅಂತೀಯಾ?" ಅಂತ. ಅಮ್ಮ ಮಡಿಲಲ್ಲಿದ್ದ ಕಾಯಿ ಬ್ಯಾಗು ಸರಿ ಮಾಡ್ಕೊಂಡು, ಹಿಂದೆ ಮುಂದೆ ಯಾರಾದ್ರೂ ನಮ್ಮೋರಿದಾರಾ ಅಂತ ನೋಡಿ, ದನಿ ತಗ್ಗಿಸಿ ಅಂದ್ಲು, "ನಿಂಗೆ ಅರ್ಧ ಅಂತ ಅಪ್ಪಂಗೆ ಹೇಳಿ ಬರೆಸಿಟ್ಟಿದೀನಿ ಸುಮ್ನಿರು. ನಿಮ್ಮಣ್ಣನ ಹೆಂಡ್ತಿ ಹತ್ರ ಬಾಯ್ಬಿಟ್ಟೀಯಾ."