ಅಮ್ಮನ ಕಾಫಿ ಲೆಕ್ಕದಲ್ಲಿ ನನ್ನ ಬೋನಸ್

ಮಾರ್ಚ್ ಕೊನೆಯ ಶುಕ್ರವಾರ ಬೋನಸ್ ಬಂತು. ಬ್ಯಾಂಕಿನ ಮೆಸೇಜನ್ನು ಎರಡು ಸಲ ಓದಿದೆ. ನಾನು ನಂಬಿಕೊಂಡಿದ್ದು 8 ಲಕ್ಷ. ಕಂಪನಿ ಕೊಟ್ಟಿದ್ದು 4 ಲಕ್ಷ. ತೆರಿಗೆ ಮುರಿದುಕೊಂಡು ಖಾತೆಗೆ ಬಿದ್ದಿದ್ದು ಸುಮಾರು 3 ಲಕ್ಷ. ಅದೇ ರಾತ್ರಿ ಮೂಡಿಗೆರೆ ಬಸ್ಸು ಹತ್ತಿದೆ.

ನಾನು ಬೆಂಗಳೂರಿನಲ್ಲಿ ಕನ್ಸಲ್ಟಿಂಗ್ ಕೆಲಸದಲ್ಲಿದ್ದೇನೆ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 28 ಲಕ್ಷ ಅಂತಿದೆ. ಅದರಲ್ಲಿ 8 ಲಕ್ಷ ವೇರಿಯಬಲ್, ಅಂದರೆ ಬೋನಸ್ ಆಗಿ ಬರುವ, ಹೆಚ್ಚುಕಡಿಮೆ ಆಗಬಹುದಾದ ಭಾಗ. ತಿಂಗಳಿಗೆ ಕೈಗೆ ಸಿಗುವುದು 1 ಲಕ್ಷ 30 ಸಾವಿರ. ವೇರಿಯಬಲ್ ಎಷ್ಟು ಬರುತ್ತದೆ ಅನ್ನುವುದು ನನ್ನ ರೇಟಿಂಗ್, ಕ್ಲೈಂಟ್‌ಗೆ ಬಿಲ್ ಆದ ದಿನಗಳು, ಕಂಪನಿಯ ಲಾಭ ಎಲ್ಲ ಸೇರಿ ನಿರ್ಧಾರವಾಗುತ್ತದೆ. ಹೋದ ವರ್ಷ ಒಂದು ಪ್ರಾಜೆಕ್ಟ್ ಅರ್ಧಕ್ಕೆ ನಿಂತು, ಎರಡು ತಿಂಗಳು ಬೆಂಚ್‌ನಲ್ಲಿದ್ದೆ, ಅಂದರೆ ಕೈಯಲ್ಲಿ ಯಾವ ಪ್ರಾಜೆಕ್ಟೂ ಇರಲಿಲ್ಲ. ಆದರೂ 8 ಲಕ್ಷ ಬಂದೇ ಬರುತ್ತದೆ ಅಂತ ಫ್ಲ್ಯಾಟ್ ತಗೊಂಡೆ. ಸಾಲ ಕೊಟ್ಟ ಬ್ಯಾಂಕಿನವರೂ ಹಿಂದಿನ ಬೋನಸ್‌ಗಳನ್ನು ಆದಾಯಕ್ಕೆ ಸೇರಿಸಿಯೇ ಲೆಕ್ಕ ಹಾಕಿದ್ದರು. ಇಎಂಐ 58 ಸಾವಿರ. ಮರಗೆಲಸದವರಿಗೆ ಮಾರ್ಚ್‌ನಲ್ಲಿ 4 ಲಕ್ಷ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಕ್ರೆಡಿಟ್ ಕಾರ್ಡ್ ಬಾಕಿ 1 ಲಕ್ಷ 20 ಸಾವಿರ.

ಬೆಳಿಗ್ಗೆ ಮನೆ ತಲುಪಿದಾಗ ಅಪ್ಪ ಅಂಗಳದಲ್ಲಿ ನಿಂತು ಮೋಡ ನೋಡುತ್ತಿದ್ದರು. ಹೂಮಳೆ ಇನ್ನೂ ಬಂದಿರಲಿಲ್ಲ. ನಮ್ಮದು 6 ಎಕರೆ ರೋಬಸ್ಟಾ ಕಾಫಿ ತೋಟ. ಈ ಸಮಯಕ್ಕೆ ಒಂದು ಒಳ್ಳೆ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಕೆರೆಯಲ್ಲಿದ್ದ ನೀರಿನಿಂದ ಅಪ್ಪ ಅರ್ಧ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ್ದರು. ಉಳಿದರ್ಧ ಮೊಗ್ಗು ಹಿಡಿದು ಕಾಯುತ್ತಿತ್ತು.

ತಿಂಡಿ ಆದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ.

"ಆ 8 ಲಕ್ಷ ಕೊಡಲೇಬೇಕು ಅಂತ ಬರೆದಿದೆಯಾ?"

ಇಲ್ಲ. ಕೊಡುವುದು ಬಿಡುವುದು ಕಂಪನಿಗೆ ಬಿಟ್ಟದ್ದು ಅಂತಲೇ ಬರೆದಿದೆ.

ಅಮ್ಮ ಕಪಾಟಿನಿಂದ ತನ್ನ ಲೆಕ್ಕದ ಡೈರಿ ತಂದಳು. ಅಜ್ಜನ ಕಾಲದಲ್ಲಿ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು, ಅಂದರೆ ಎಲ್ಲರ ಕಾಫಿ ಒಟ್ಟುಸೇರಿಸಿ ಬೋರ್ಡೇ ಮಾರುತ್ತಿತ್ತು. ದುಡ್ಡು ತಡವಾಗಿ ಬಂದರೂ ಕಂತಿನಲ್ಲಿ ಬರುತ್ತಿತ್ತು. 1996ರಲ್ಲಿ ಪೂರ್ತಿ ಮುಕ್ತ ಮಾರಾಟಕ್ಕೆ ಬಿಟ್ಟರು. ಮೊದಲು ಒಳ್ಳೆ ಬೆಲೆ ಸಿಕ್ಕಿತು. 2001, 2002ರ ಹೊತ್ತಿಗೆ ಜಗತ್ತಿನಲ್ಲೇ ಕಾಫಿ ಬೆಲೆ ನೆಲಕಚ್ಚಿತು. ಆಗ ಕೊಯ್ಲಿನ ಕೂಲಿಗೂ ಸಾಲ ಮಾಡಬೇಕಾಯಿತು. ಅಮ್ಮ ಲೆಕ್ಕ ಬರೆಯಲು ಶುರು ಮಾಡಿದ್ದು ಆಗಲೇ.

ಅವಳ ಲೆಕ್ಕ ನೋಡಿ ನಾನು ನಿಜವಾಗಿಯೂ ಬೆರಗಾದೆ. ಹೋದ ಮೂರು ಫಸಲಿನಲ್ಲಿ ಯಾವುದರಿಂದ ಕಡಿಮೆ ದುಡ್ಡು ಬಂತೋ ಅಷ್ಟೇ ನಮ್ಮ ಆದಾಯ ಅಂತ ಹಿಡಿಯುತ್ತಾಳೆ. ಕಾಫಿ ಮಾರಿದ ದಿನವೇ ಮುಂದಿನ ವರ್ಷದ ಕೂಲಿ, ಗೊಬ್ಬರ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಸುವುದು), ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ದುಡ್ಡು ಬೇರೆ ಖಾತೆಗೆ ಹೋಗುತ್ತದೆ. ಮನೆಗೆ ತಿಂಗಳಿಗೆ ಇಷ್ಟು ಅಂತ ತಾನೇ ಸಂಬಳ ಹಾಕಿಕೊಳ್ಳುತ್ತಾಳೆ. ಬೆಲೆ ಏರಿದ ವರ್ಷವೂ ಆ ಸಂಬಳ ಏರುವುದಿಲ್ಲ. ಚಿಕ್ಕವಳಿದ್ದಾಗ ಇದನ್ನು ಜಿಪುಣತನ ಅಂದುಕೊಂಡಿದ್ದೆ. ತಪ್ಪು.

"ನಿನ್ನ ಮೂರು ವರ್ಷದ್ದು ಬರಿ. ಕೈಗೆ ಬಂದದ್ದು ಮಾತ್ರ," ಅಂದಳು.

ಬರೆಯುವಾಗ ಇನ್ನೊಂದು ವಿಷಯ ಕಂಡಿತು. ಹೊಸ ತೆರಿಗೆ ಪದ್ಧತಿಯಲ್ಲಿ ಕಡಿಮೆ ತೆರಿಗೆಯ ಕೆಳಗಿನ ಸ್ಲ್ಯಾಬ್‌ಗಳೆಲ್ಲ ನನ್ನ ತಿಂಗಳ ಸಂಬಳಕ್ಕೇ ತುಂಬಿ ಹೋಗುತ್ತವೆ. ಬೋನಸ್‌ಗೆ ಬೀಳುವುದು ಶೇ 20, ಶೇ 25ರ ತೆರಿಗೆ. 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಅಂದರೆ 8 ಲಕ್ಷ ಪೂರ್ತಿ ಕೊಟ್ಟಿದ್ದರೂ ಕೈಗೆ 6 ಲಕ್ಷದೊಳಗೇ ಬರುತ್ತಿತ್ತು. ವರ್ಷವಿಡೀ ಇಲ್ಲದ 2 ಲಕ್ಷವನ್ನು ನಾನು ಇದೆ ಅಂತ ಲೆಕ್ಕ ಹಾಕಿದ್ದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅಲ್ವಾ? ನಾವೇ ಕೂತು ಲೆಕ್ಕ ಹಾಕಬೇಕು.

"ಇಎಂಐ ತಿಂಗಳ ಸಂಬಳದಲ್ಲೇ ಕಟ್ಟಬಹುದಾ?"

"ಕಟ್ಟಬಹುದು ಅಮ್ಮ. 72 ಸಾವಿರ ಉಳಿಯುತ್ತೆ."

"ಹಾಗಾದ್ರೆ ಬೋನಸ್ಸಿಲ್ಲ ಅಂತಲೇ ಬದುಕು ಮಾರಾಯ್ತಿ. ಬಂದಾಗ ಬಂತು."

ಮಧ್ಯಾಹ್ನದವರೆಗೆ ಇಬ್ಬರೂ ಕೂತು 3 ಲಕ್ಷವನ್ನು ಹಂಚಿದೆವು. ಮೊದಲು ಕ್ರೆಡಿಟ್ ಕಾರ್ಡ್, ಏಕೆಂದರೆ ಅದರ ಬಡ್ಡಿ ತಿಂಗಳಿಗೇ ಶೇ 3ಕ್ಕಿಂತ ಜಾಸ್ತಿ. ಆಮೇಲೆ 1 ಲಕ್ಷ ಎಫ್‌ಡಿಗೆ. ಕೆಲಸ ಹೋದರೆ ಆರು ತಿಂಗಳ ಇಎಂಐ ಮತ್ತು ಮನೆಖರ್ಚಿಗೆ ಆಗುವಷ್ಟು ಕೂಡುವವರೆಗೆ, ಮುಂದಿನ ಬೋನಸ್‌ಗಳೂ ಅಲ್ಲಿಗೇ ಹೋಗಬೇಕು. ಉಳಿದದ್ದು 80 ಸಾವಿರ.

ಮರಗೆಲಸದವರಿಗೆ ಫೋನ್ ಮಾಡುವುದು ಎಲ್ಲಕ್ಕಿಂತ ಕಷ್ಟವಾಯಿತು. "ಪ್ಲೈವುಡ್ ತಂದಾಗಿದೆಯಲ್ಲ ಮೇಡಂ," ಅಂದರು. ನನ್ನ ಮಾತು ನಂಬಿ ತಂದಿದ್ದರು. 80 ಸಾವಿರ ಆಗಲೇ ಕಳಿಸಿದೆ. ಅಡುಗೆಮನೆ ಮಾತ್ರ ಸಾಕು ಅಂದೆ. ಉಳಿದ ಪ್ಲೈವುಡ್ ಅನ್ನು ಅವರು ಬೇರೆ ಮನೆಗೆ ಬಳಸುತ್ತೇನೆ ಅಂದರು. ಅಡುಗೆಮನೆಯ ಬಾಕಿಗೆ ತಿಂಗಳಿಗೆ 15 ಸಾವಿರದಂತೆ ಸಂಬಳ ಬಂದ ದಿನವೇ ಕೊಡುತ್ತೇನೆ ಅಂತ ಹೇಳಿದೆ. ಅಮ್ಮ ತನ್ನ ಡೈರಿಯ ಕೊನೆಯ ಹಾಳೆಯಲ್ಲಿ ಅದನ್ನು ಬರೆದುಕೊಂಡಳು. ಏಪ್ರಿಲ್ ಕಂತು ಕೊಟ್ಟಾಯಿತು.