ಏನು ಬೇಕು ಅಂತ ಕೇಳಿದ್ದೇ ಎಡವಟ್ಟಾಯಿತು

ತರಬೇತಿ ಸಂಸ್ಥೆಯಲ್ಲಿ ಕಲಿಸುವುದಕ್ಕೂ ಕೆಲಸದ ಜಾಗದಲ್ಲಿ ಬೇಕಾಗುವುದಕ್ಕೂ ಎಷ್ಟು ತಾಳೆಯಾಗುತ್ತದೆ ಅಂತ ನೋಡುವುದು ನನ್ನ ಕೆಲಸ. ಎರಡೂ ಕಡೆಯವರನ್ನು ಕೇಳಿದರೆ ಮುಗಿಯಿತು ಅಂತ ಶುರುವಿನಲ್ಲಿ ನಾನೂ ಅಂದುಕೊಂಡಿದ್ದೆ.

ಯಂತ್ರ ನಿರ್ವಹಣೆಯ ಕೋರ್ಸೊಂದನ್ನು ಪರಿಷ್ಕರಿಸಬೇಕಿತ್ತು. ಇಪ್ಪತ್ತು ಕೌಶಲಗಳ ಪಟ್ಟಿ ಮಾಡಿ, ಒಂದರಿಂದ ಐದರವರೆಗೆ ಅಂಕ ಕೊಡಿ ಅಂತ ಕಾರ್ಖಾನೆಗಳಿಗೆ ಪ್ರಶ್ನಾವಳಿ ಕಳಿಸಿದೆ. ಬಹುತೇಕ ಎಲ್ಲದಕ್ಕೂ ನಾಲ್ಕು, ಐದು ಬಿದ್ದಿತ್ತು. ಬೇಕು ಅನ್ನುವುದಕ್ಕೆ ಅವರಿಗೇನು ಖರ್ಚು? ಎಲ್ಲಕ್ಕಿಂತ ಮೇಲೆ ‘ಸಂವಹನ ಕೌಶಲ’ ಬಂತು. ಅದನ್ನೇ ವರದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಸಂಸ್ಥೆ ನಂಬಿ ಒಂದು ಸೆಮಿಸ್ಟರ್ ಪೂರ್ತಿ ಸ್ವಪರಿಚಯ, ಗುಂಪು ಚರ್ಚೆ, ಅಣಕು ಸಂದರ್ಶನ ಸೇರಿಸಿತು.

ಮರುವರ್ಷ ಅದೇ ಕಾರ್ಖಾನೆಗಳಲ್ಲೊಂದಕ್ಕೆ ಹೋಗಿದ್ದೆ. ಶಿಫ್ಟ್ ಬದಲಾಗುವ ಹೊತ್ತು. ಹೊರಟ ಹುಡುಗ ಲಾಗ್‌ಬುಕ್ಕಿನಲ್ಲಿ ‘ಪಂಪ್ ಸರಿ ಮಾಡಲಾಗಿದೆ’ ಅಂತ ಒಂದೇ ಸಾಲು ಬರೆದು ಹೋದ. ಒಳಗೆ ಬಂದ ಸೂಪರ್‌ವೈಸರ್ ಅದನ್ನು ನನ್ನ ಮುಂದೆ ಹಿಡಿದರು. “ಏನ್ರೀ ಸರಿ ಮಾಡಿದ್ದು? ಸೀಲ್ ಬದಲಾಯಿಸಿದನೋ, ಬರೀ ಬೋಲ್ಟ್ ಬಿಗಿ ಮಾಡಿದನೋ? ರಾತ್ರಿ ಮತ್ತೆ ಸೋರಿದರೆ ನಾನು ಎಲ್ಲಿಂದ ಶುರು ಮಾಡಲಿ?”

ಇವರಿಗೆ ಬೇಕಿದ್ದ ಸಂವಹನ ಇದು! ಏನು ಕೆಟ್ಟಿತ್ತು, ಏನು ನೋಡಿದೆ, ಏನು ಬದಲಾಯಿಸಿದೆ, ಇನ್ನೂ ಯಾವುದರ ಮೇಲೆ ಕಣ್ಣಿಡಬೇಕು ಅನ್ನುವ ನಾಲ್ಕು ಸಾಲು. ವಿಚಾರಿಸಿದರೆ ನನ್ನ ಪ್ರಶ್ನಾವಳಿ ಅವರ ಕೈಗೆ ಬಂದೇ ಇರಲಿಲ್ಲ. ಎಚ್‌ಆರ್ ವಿಭಾಗದವರು ತುಂಬಿ ಕಳಿಸಿದ್ದರು.

ಆಮೇಲೆ ನಾನು ಹಿಡಿದದ್ದು ಡೇಕಮ್ ವಿಧಾನ. 1960ರ ದಶಕದಲ್ಲಿ ಕೆನಡಾದಲ್ಲಿ ಹುಟ್ಟಿದ್ದು. ಆ ಕೆಲಸವನ್ನು ನಿತ್ಯ ಮಾಡುವ, ಕೈ ಪಳಗಿದ ಐದರಿಂದ ಹನ್ನೆರಡು ಜನರನ್ನು ಸಾಮಾನ್ಯವಾಗಿ ಎರಡು ದಿನ ಕೂರಿಸಿ, ಅವರ ಬಾಯಿಂದಲೇ ಕೆಲಸವನ್ನು ಬಿಡಿಸಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾ ಹೋಗಬೇಕು. ‘ತಾಳ್ಮೆ ಬೇಕು’, ‘ಶ್ರದ್ಧೆ ಬೇಕು’ ಅನ್ನುವಂಥವು ಕೆಲಸದ ಪಟ್ಟಿಯೊಳಗೆ ಬರುವಂತಿಲ್ಲ. ಏನನ್ನು, ಏನು ಮಾಡುತ್ತೀರಿ ಅಂತ ಹೇಳಬೇಕು.

ಆದರೂ ಪಳಗಿದವರು ತಮಗೆ ಉಸಿರಾಟದಷ್ಟು ಸಹಜವಾದದ್ದನ್ನು ಹೇಳಲು ಮರೆಯುತ್ತಾರೆ. ಎರಡನೇ ದಿನ ಮಧ್ಯಾಹ್ನ ಗೋಡೆ ತುಂಬಿದ ಮೇಲೆ, “ಯಂತ್ರದ ಹತ್ತಿರ ಹೋದ ತಕ್ಷಣ ಮೊದಲು ಏನು ಮಾಡ್ತೀರಿ?” ಅಂತ ಸುಮ್ಮನೆ ಕೇಳಿದೆ. ಹಿರಿಯರೊಬ್ಬರು, “ಕಿವಿ ಕೊಡ್ತೀನಿ. ಬೇರಿಂಗ್ ಹೋಗೋ ಮುಂಚೆ ಸದ್ದು ಬದಲಾಗತ್ತೆ” ಅಂದರು. ಅಷ್ಟು ಚೀಟಿಗಳಲ್ಲಿ ಅದೊಂದು ಇರಲಿಲ್ಲ.

ಇನ್ನು ‘ಎಷ್ಟು ಸೀಟು ಬೇಕು’ ಅನ್ನುವ ಪ್ರಶ್ನೆ. ಇದಕ್ಕೆ ಖಚಿತ ಅಂಕಿ ಕೊಡಲು ನಾನು ಹಿಂಜರಿಯುತ್ತೇನೆ. 1960ರ ದಶಕದಲ್ಲಿ ಒಇಸಿಡಿ ಅನ್ನುವ, ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ ಗ್ರೀಸ್, ಇಟಲಿ, ಪೋರ್ಚುಗಲ್, ಸ್ಪೇನ್, ಟರ್ಕಿ, ಯುಗೊಸ್ಲಾವಿಯಗಳಿಗೆ ಇಂಥದ್ದೇ ಲೆಕ್ಕ ಹಾಕಿತ್ತು. ಇಷ್ಟು ಉತ್ಪಾದನೆಗೆ ಇಷ್ಟು ಜನ, ಅವರಿಗೆ ಇಂತಿಷ್ಟು ಓದು ಅಂತ. ತಂತ್ರಜ್ಞಾನವೂ ಸಂಬಳವೂ ಬದಲಾದರೆ ಆ ಅನುಪಾತವೇ ಜಾರುತ್ತದೆ ಅನ್ನುವ ಟೀಕೆ ಆಗಲೇ ಬಂತು. ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಲ್ಲಿ ಎಂಜಿನಿಯರುಗಳ ವಿಷಯದಲ್ಲಿ ತೋರಿಸಿದ್ದೂ ನೆನಪಿಡುವಂಥದ್ದು. ಇವತ್ತು ಸಂಬಳ ಚೆನ್ನಾಗಿದೆ ಅಂತ ಎಲ್ಲರೂ ಸೇರುತ್ತಾರೆ, ಕೆಲವು ವರ್ಷದ ನಂತರ ಒಟ್ಟಿಗೇ ಹೊರಬೀಳುತ್ತಾರೆ, ಸಂಬಳ ಇಳಿಯುತ್ತದೆ. ಮುಂದಿನ ತಂಡ ಬೆನ್ನು ತಿರುಗಿಸುತ್ತದೆ.

‘ಜನ ಸಿಗ್ತಿಲ್ಲ’ ಅನ್ನುವ ದೂರನ್ನೂ ಈಗ ಹಾಗೇ ಒಪ್ಪುವುದಿಲ್ಲ. ಕೋರ್ಸು ಮುಗಿಸಿದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದಾಗ ಹಲವರು ಆ ಕೆಲಸ ಬಲ್ಲವರೇ. ಸಂಬಳ ಸಾಲದೆ ಬಿಟ್ಟವರು. ಅದಕ್ಕೆ ಪಠ್ಯಕ್ರಮ ತಿದ್ದಿ ಏನು ಪ್ರಯೋಜನ?

ಲಾಗ್‌ಬುಕ್ ಬರೆಯುವುದನ್ನು ಪ್ರಾಯೋಗಿಕ ಪರೀಕ್ಷೆಗೆ ಸೇರಿಸಲು ಶಿಫಾರಸು ಮಾಡಿದ್ದೇನೆ. ನನ್ನ ಹಳೆಯ ವರದಿ ತಂದಿಟ್ಟ ಸಂವಹನ ತರಗತಿ ಮಾತ್ರ ಮುಂದಿನ ಪರಿಷ್ಕರಣೆವರೆಗೆ ಇದ್ದೇ ಇರುತ್ತದೆ. ಅಲ್ಲಿನ ಬೋಧಕರೊಬ್ಬರು ಆ ಅವಧಿಯಲ್ಲಿ ಈಗ ಹುಡುಗರಿಂದ ಪಂಪು ಬಿಚ್ಚಿಸಿ, ಆ ನಾಲ್ಕು ಸಾಲು ಬರೆಸುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ‘ಗುಂಪು ಚರ್ಚೆ’ ಅಂತಲೇ ಇದೆ.